ಗುಮ್ಮಟಕ್ಕೆ ಬೇಕಾದ ಕೆನ್ನೆ

ನಮ್ಮ ದೊಡ್ಡ ಇಗರ್ಜಿ ಹೊರಗಿನಿಂದ ಇಟ್ಟಿಗೆ, ಒಳಗಿನಿಂದ ಚಿನ್ನ. ಇಸ್ಫಹಾನಿನ ನಮ್ಮ ಜುಲ್ಫಾ ಕೇರಿಯ ಹಳೆಯ ಅರ್ಮೇನಿಯನ್ ವ್ಯಾಪಾರಿಗಳು ಕಟ್ಟಿಸಿದ್ದು. ಅವರ ಮನೆಗಳೂ ಹಾಗೇ ಇದ್ದವು, ಮಾತೂ ಹಾಗೇ ಇತ್ತು ಎನ್ನುತ್ತಾರೆ. ಬೀದಿಯಲ್ಲಿ ಹೋಗುವವನಿಗೆ ಮಣ್ಣುಬಣ್ಣದ ಗೋಡೆ, ಒಳಗೆ ಕಾಲಿಟ್ಟವನಿಗೆ ಮಾತ್ರ ಗುಮ್ಮಟದ ಹೊಳಪು. ತಲೆಮಾರುಗಳ ಮೇಣದಬತ್ತಿಯ ಹೊಗೆ ಕುಡಿದು ಆ ಹೊಳಪು ಬಾಣಲೆಯ ತಳದ ಬಣ್ಣಕ್ಕೆ ತಿರುಗಿದ ಮೇಲೆ ಸಮಿತಿಯವರು ಜೀರ್ಣೋದ್ಧಾರಕ್ಕೆ ಕೈಹಾಕಿದರು. ಹಾಕಿದ ಕೈಯನ್ನು ತೆಗೆಯುವುದು ಯಾವಾಗ ಎಂಬುದು ಯಾರಿಗೂ ಹೊಳೆಯಲಿಲ್ಲ. ನೆಲದಿಂದ ಗುಮ್ಮಟದವರೆಗೆ ಎದ್ದ ಕಬ್ಬಿಣದ ಕೊಳವೆಗಳ ಅಟ್ಟಣಿಗೆ ಅಲ್ಲೇ ಬೇರುಬಿಟ್ಟಿತು. ಆ ವರ್ಷಗಳಲ್ಲಿ ನಮ್ಮ ಕೇರಿಯಲ್ಲಿ ಆದ ಮದುವೆಗಳ ಫೋಟೋಗಳಲ್ಲೆಲ್ಲ ವಧು, ವರ, ಧರ್ಮಪಿತ ಮತ್ತು ಒಂದು ಕೊಳವೆ ಇದ್ದಾರೆ. ಕೊಳವೆಯೊಂದೇ ಅಲುಗದೆ ನಿಂತಿರುವುದು.

ಕೊನೆಗೆ ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಜಾವೆನ್ ತಾಳ್ಮೆಗೆಟ್ಟರು. ಅವರು ಹಲ್ಲಿನ ಡಾಕ್ಟರು. ಬಹಳ ದಿನ ಅಲ್ಲಾಡುವುದನ್ನು ಕಿತ್ತು ಬಿಸಾಡುವುದೇ ಅವರ ಕಸುಬು. ಈ ಈಸ್ಟರ್ ಹಬ್ಬದೊಳಗೆ ಚಿನ್ನ ಕೂರಿಸಿ ಮುಗಿಸಿದರೆ ಸರಿ, ಇಲ್ಲದಿದ್ದರೆ ತೆಹರಾನಿನ ಕಂಪನಿಯವರು ಬಂದು ಉಳಿದ ಭಾಗಕ್ಕೆ ಯಂತ್ರದಿಂದ ಚಿನ್ನದ ಬಣ್ಣ ಹೊಡೆಯುತ್ತಾರೆ ಎಂದು ಸಭೆಯಲ್ಲಿ ಘೋಷಿಸಿದರು. ಬಣ್ಣವೇನು ಕಡಿಮೆಯದಲ್ಲ, ತೊಳೆದರೂ ಹೋಗುವುದಿಲ್ಲ ಎಂದೂ ಸೇರಿಸಿದರು.

ಇದನ್ನು ಕೇಳಿ ಎದೆಗೆ ಏಟು ಬಿದ್ದದ್ದು ಯೆಪ್ರೆಮನಿಗೆ. ಯೆಪ್ರೆಮ್ ನಮ್ಮ ಇಗರ್ಜಿಯ ಗಂಟೆ ಬಾರಿಸುವವನು, ಬೀಗದ ಕೈಗಳ ಒಡೆಯ, ಮೇಣದಬತ್ತಿಯ ತುಣುಕುಗಳ ಸಂಗ್ರಾಹಕ. ಗಾತ್ರದಲ್ಲಿ ಗಂಟೆಗೇ ಸಮ. ಅವನ ಅಪ್ಪನೂ ಅದೇ ಕೆಲಸದಲ್ಲಿದ್ದವನು. ಮಗುವಾಗಿದ್ದಾಗ ಅಪ್ಪ ಕಸ ಗುಡಿಸುವಷ್ಟು ಹೊತ್ತು ಯೆಪ್ರೆಮನನ್ನು ಗುಮ್ಮಟದ ಕೆಳಗೆ ಜಮಖಾನದ ಮೇಲೆ ಮಲಗಿಸುತ್ತಿದ್ದನಂತೆ. ಹಾಗಾಗಿ ಅವನು ಆಕಾಶ ನೋಡುವ ಮೊದಲೇ ಗುಮ್ಮಟ ನೋಡಿದವನು. ಆಕಾಶ ನೋಡಿದಾಗ ಸ್ವಲ್ಪ ನಿರಾಶೆಯಾಯಿತು ಎಂದು ಈಗಲೂ ಹೇಳುತ್ತಾನೆ. ಕೆಲಸ ಶುರುವಾಗುವಾಗಲೂ ತೆಹರಾನಿನವರಿಗೇ ಕೊಡೋಣ ಎಂದು ಹೊರಟಿದ್ದ ಸಮಿತಿಯ ಎದುರು ನಿಂತು, ಹಳೇ ಪದ್ಧತಿಯಲ್ಲಿ ಚಿನ್ನದ ರೇಕು ಕೂರಿಸಬಲ್ಲ ಗಲೂಸ್ತ್ ಉಸ್ತಾದನಿಗೇ ಕೆಲಸ ಕೊಡಿಸಿದ್ದವನೂ ಅವನೇ. ಈಗ ಸಭೆಯಲ್ಲಿ ಎದ್ದು ನಿಂತು ಅವನು ಆಡಿದ್ದು ಒಂದೇ ಮಾತು.

“ಫ್ರಿಜ್ಜಿಗೆ ಬಣ್ಣ ಹೊಡ್ದಂಗೆ ಹೊಡೀತಾರೆ ಅಂದ್ರೆ, ಅವತ್ತೇ ಈ ಬೀಗದ ಕೈ ಪೀಠದ ಮೇಲಿಟ್ಟು ಹೋಗ್ತೀನಿ. ಫ್ರಿಜ್ಜಿನ ಕೆಳಗೆ ನಿಂತು ಗಂಟೆ ಹೊಡಿಯಕ್ಕೆ ನಂಗೆ ಬರಲ್ಲ.”

ಡಾಕ್ಟರು ಅವನ ಮಾತನ್ನು ಟಿಪ್ಪಣಿ ಮಾಡಿಕೊಂಡರು. ಗಂಟೆ ಬಾರಿಸುವ ಯಂತ್ರವೂ ಬಂದಿದೆಯೆಂದು ಅವರು ಎಲ್ಲೋ ಓದಿದ್ದರು.

ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಾರ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಬಿಡುವುದು ಎಲ್ಲ ವರ್ಷವೂ ಇದ್ದದ್ದೇ; ಬಿಡುವವರು ಬಿಡುತ್ತಾರೆ, ಬಿಡದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಆದರೆ ಆ ವರ್ಷ ಯೆಪ್ರೆಮನ ಹೆಂಡತಿ ಹ್ರಿಪ್ಸಿಕ್, ಮಹಿಳಾ ಸಂಘದ ಮುಖ್ಯಸ್ಥೆ, ಪಾದ್ರಿ ತೇರ್ ಮೆಸ್ರೋಪರ ಹತ್ತಿರ ಹೋಗಿ, ಗುಮ್ಮಟ ಮುಗಿಯಲಿ ಎಂದು ಇಡೀ ಕೇರಿ ಹರಕೆ ಹೊತ್ತು ಹಿಂದಿನವರ ಥರ ಕಟ್ಟುನಿಟ್ಟಿನ ಉಪವಾಸ ಮಾಡಬೇಕು, ಎಣ್ಣೆಯನ್ನೂ ಮುಟ್ಟಬಾರದು ಎಂದಳು. ಎಣ್ಣೆ ಬಿಡಬೇಕಾಗುತ್ತದೆಂದು ಪಾದ್ರಿಗಳ ಮುಖ ಸಣ್ಣದಾಯಿತು. ಆದರೂ ಭಾನುವಾರ ಅದನ್ನು ಪೀಠದಿಂದ ಸಾರಿದರು. ಬೇಡ ಎನ್ನುವ ಮೊದಲ ಬಾಯಿ ತನ್ನದಾಗುವುದು ಯಾರಿಗೂ ಬೇಕಿರಲಿಲ್ಲವಾದ್ದರಿಂದ ಇಡೀ ಇಗರ್ಜಿ ಆಮೆನ್ ಎಂದಿತು. ಗಾಯಕವೃಂದದ ಹಿಂದಿನ ಸಾಲಿನಲ್ಲಿ ಕೂರುವ ನನಗೆ ಎಲ್ಲರ ಬೆನ್ನು ಕಾಣುತ್ತದೆ. ಅಷ್ಟೊಂದು ಬೆನ್ನುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹ್ರಿಪ್ಸಿಕ್ ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ರೋಟು ಹಿಂಡಿದರೆ ಎಣ್ಣೆ ಬರುತ್ತದೆ, ಆದ್ದರಿಂದ ಅಕ್ರೋಟು ಇಲ್ಲ. ಎಳ್ಳು ಹಿಂಡಿದರೂ ಬರುತ್ತದೆ, ಆದ್ದರಿಂದ ಎಳ್ಳಿನ ಹಲ್ವ ಇಲ್ಲ. ಹಿಂಡಿದರೆ ಏನೂ ಬಾರದ ಪದಾರ್ಥಗಳು ಎರಡೇ ಉಳಿದವು: ಬೇಳೆ ಮತ್ತು ಪಾಲಕ್ಕು. ಉಪವಾಸದ ವಾರ ಎಣಿಸುವ ಹಳೇ ಪದ್ಧತಿಯಂತೆ ಒಂದು ಈರುಳ್ಳಿಗೆ ಹಕ್ಕಿಯ ಗರಿಗಳನ್ನು ಚುಚ್ಚಿ ಅಟ್ಟಣಿಗೆಯ ಕಾಲಿಗೇ ತೂಗುಹಾಕಿ, ವಾರಕ್ಕೊಂದು ಗರಿ ತಾನೇ ಕಿತ್ತಳು. ಗಲೂಸ್ತ್ ಉಸ್ತಾದ್ ಕೂಡ ಹರಕೆ ಹೊತ್ತ. ದೇವರ ಕೆಲಸ ಮಾಡುವವನು ಹೊಟ್ಟೆ ತುಂಬಿಸಿಕೊಂಡು ಅಟ್ಟ ಹತ್ತುವುದು ಚೆನ್ನಾಗಿರದು ಎಂದು ಅವನಿಗೇ ಅನಿಸಿತು, ಅಥವಾ ಹ್ರಿಪ್ಸಿಕ್ ಅವನಿಗೆ ಹಾಗೆ ಅನಿಸುವಂತೆ ನೋಡಿದಳು.

ಯೆಪ್ರೆಮನ ವಿಷಯ ಬೇರೆ. ಗುಮ್ಮಟಕ್ಕಾಗಿ ಪ್ರಾಣ ಕೊಡು ಎಂದಿದ್ದರೆ ಯೋಚಿಸುತ್ತಿದ್ದ. ಬೇಳೆಯೊಂದನ್ನೇ ತಿನ್ನು ಎಂದರೆ ಅವನಿಂದಾಗದು. ಅಲ್ಲದೆ ದಿನಾ ಮಧ್ಯಾಹ್ನ ಹೊಳೆಯಾಚೆ ಬಜಾರಿಗೆ ಹೋಗಿ, ಚಿನ್ನವನ್ನು ಬಡಿದು ರೇಕು ಮಾಡುವವನಿಂದ ಆ ದಿನದ ಕಟ್ಟನ್ನು ತರುವ ಕೆಲಸ ಅವನ ಪಾಲಿನದು. (ಹೊಳೆಯಲ್ಲಿ ನೀರಿಲ್ಲದೆ ಎಷ್ಟೋ ಕಾಲವಾಯಿತು, ಆದರೂ ನಾವು ಸೇತುವೆಯ ಮೇಲೇ ದಾಟುತ್ತೇವೆ, ಹೊಳೆಗೆ ಬೇಸರವಾಗಬಾರದೆಂದು.) ರೇಕಿನವನ ಅಂಗಡಿಯ ಪಕ್ಕದ್ದೇ ಹಾಜಿ ಸೈಫುಲ್ಲಾನ ಬೆರ್ಯಾನ್ ಅಂಗಡಿ. ಕುರಿಯ ಮಾಂಸವನ್ನು ಬೇಯಿಸಿ, ನುಣ್ಣಗೆ ಕೊಚ್ಚಿ, ಅಂಗೈಯಗಲದ ಬಾಣಲೆಯಲ್ಲಿ ಅದರದೇ ಕೊಬ್ಬಿನಲ್ಲಿ ಕಾಯಿಸಿ, ರೊಟ್ಟಿಯ ಮೇಲೆ ಬೋರಲು ಹಾಕಿ ಕೊಡುತ್ತಾನೆ. ರೊಟ್ಟಿ ಆ ಕೊಬ್ಬನ್ನು ಕುಡಿದು ಬಳಲಿ ಮಲಗುತ್ತದೆ. ಮೊದಲ ವಾರ ಯೆಪ್ರೆಮ್ ಆ ಅಂಗಡಿಯ ಮುಂದೆ ನಿಂತು ಪ್ರಾರ್ಥನೆ ಮಾಡಿಕೊಂಡು ಮುಂದೆ ಹೋದ. ಅದೇ ವಾರದ ಕೊನೆಯಲ್ಲಿ ಕೂತು ಪ್ರಾರ್ಥನೆ ಮಾಡಿದ. ಆಮೇಲೆ ದಿನವೂ ಕೂತ.

ಮನೆಗೆ ಬಂದು ಬೇಳೆಯನ್ನೂ ತಿನ್ನುತ್ತಿದ್ದ. ಅದನ್ನು ಅವನ ಪ್ರಾಮಾಣಿಕತೆ ಎಂದು ಕರೆಯಬಹುದು.

ತಪಸ್ಸುಕಾಲದ ನಡುವೆ ಕೆಲಸ ಕುಂಟತೊಡಗಿತು. ಗಲೂಸ್ತನ ಕ್ರಮ ನಮಗೆಲ್ಲ ಬಾಯಿಪಾಠವಾಗಿತ್ತು. ಗೋಡೆಗೆ ಕೆಂಪು ಜೇಡಿ ಬಳಿದು ಒಣಗಿಸಿ, ಕೂರಿಸುವ ಹೊತ್ತಿಗೆ ನೀರು ಸವರುತ್ತಾನೆ. ಚಿನ್ನದ ರೇಕು ಉಸಿರು ತಗುಲಿದರೆ ಹಾರಿಹೋಗುವಷ್ಟು ತೆಳು. ಅದನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಅಳಿಲಿನ ಬಾಲದ ಕೂದಲಿನ ಚಪ್ಪಟೆ ಕುಂಚವನ್ನು ತನ್ನ ಕೆನ್ನೆಯ ಮೇಲೆ ಒಮ್ಮೆ ಎಳೆದುಕೊಳ್ಳುತ್ತಾನೆ. ಕೆನ್ನೆಯ ಜಿಡ್ಡು ಕೂದಲಿಗೆ ಕಂಡೂ ಕಾಣದಷ್ಟು ಹತ್ತುತ್ತದೆ. ಆ ಕುಂಚ ರೇಕಿನ ಹತ್ತಿರ ಹೋದರೆ ಸಾಕು, ರೇಕು ತಾನಾಗಿ ಎದ್ದು ಅಂಟಿಕೊಳ್ಳುತ್ತದೆ. ಒದ್ದೆ ಗೋಡೆಯ ಹತ್ತಿರ ಹೋದರೆ ಕುಂಚವನ್ನು ಬಿಟ್ಟು ಅಲ್ಲಿಗೆ ಹಾರುತ್ತದೆ. ಮದುವೆಯಾಗುವ ಹುಡುಗಿ ತವರಿಂದ ಹೊರಟ ಹಾಗೆ ಎಂದು ಗಲೂಸ್ತ್ ಹೇಳುತ್ತಿದ್ದ, ಸಡಿಲವಾಗಿ ಹಿಡಿದಿರಬೇಕು.

ಈಗ ರೇಕು ಏಳುತ್ತಲೇ ಇರಲಿಲ್ಲ. ಕುಂಚ ಬಂದರೆ, ತನ್ನನ್ನು ಹರಡಿಟ್ಟ ಚರ್ಮದ ದಿಂಬಿನ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಗಲೂಸ್ತ್ ಮೊದಲು ಇಸ್ಫಹಾನಿನ ಒಣಹವೆಯನ್ನು ಬೈದ, ಆಮೇಲೆ ಕುಂಚವನ್ನು, ಆಮೇಲೆ ಅಳಿಲನ್ನು. ಕುಂಚಕ್ಕೆ ಎಳ್ಳೆಣ್ಣೆ ತಾಗಿಸಿ ನೋಡಿದ: ರೇಕು ಎದ್ದಿತು, ಆದರೆ ಕುಂಚವನ್ನು ಬಿಟ್ಟು ಗೋಡೆಗೆ ಹೋಗಲು ಒಪ್ಪಲಿಲ್ಲ. ವ್ಯಾಸಲೀನ್ ಹಚ್ಚಿದ: ರೇಕು ಕುಂಚದ ಮೇಲೇ ಸುಕ್ಕಾಗಿ ಸತ್ತಿತು. ಒಂದು ಸಂಜೆ ನಾವು ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರದ ಹಾಡುಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಮೇಲಿನಿಂದ ಇಳಿದು ಬಂದು, ಎರಡೂ ಅಂಗೈಯನ್ನು ಕೆನ್ನೆಗಿಟ್ಟುಕೊಂಡು ಕೂತುಬಿಟ್ಟ.

“ತಪ್ಪು ಚಿನ್ನದ್ದಲ್ಲ,” ಎಂದ. “ಈ ಮುಖದ್ದು. ಉಪವಾಸ ಮಾಡಿ ಮಾಡಿ ಹಳೇ ಚಪ್ಪಲಿ ಆಗ್ಬಿಟ್ಟಿದೆ. ಒಂದ್ ತೊಟ್ಟು ಜಿಡ್ಡಿಲ್ಲ.”

ಹಾಗಾದರೆ ಬೇರೆ ಕೆನ್ನೆ ನೋಡೋಣ ಎಂದರು ಪಾದ್ರಿಗಳು. ಅಲ್ಲಿಂದ ಶುರುವಾಯಿತು ನಮ್ಮ ಕೇರಿಯ ಮುಖಪರೀಕ್ಷೆ. ಪಾದ್ರಿಗಳ ಕೆನ್ನೆಯನ್ನು ಗಡ್ಡದ ನಡುವೆ ಹುಡುಕಬೇಕಾಯಿತು, ಸಿಕ್ಕಿದ್ದು ಒಣಗಿತ್ತು. ಡಾಕ್ಟರರ ಕೆನ್ನೆ ಶುದ್ಧವಾಗಿತ್ತು, ಅಷ್ಟೇ. ಗಾಯಕವೃಂದ ಸಾಲಾಗಿ ನಿಂತಿತು. ತಾರಸ್ಥಾಯಿಯವರಿಂದ ಮಂದ್ರದವರವರೆಗೆ ಒಂದೇ ಮರುಭೂಮಿ. ಮುಖಕ್ಕೆ ಕ್ರೀಮು ಹಚ್ಚಿದವರನ್ನು ಗಲೂಸ್ತ್ ಮೂಸಿ ನೋಡಿಯೇ ವಾಪಸು ಕಳಿಸಿದ. ಮಕ್ಕಳ ಕೆನ್ನೆಯಲ್ಲಿ ಜಿಡ್ಡು ಇನ್ನೂ ಹುಟ್ಟಿರುವುದಿಲ್ಲ ಎಂದ. ಎಲ್ಲರಿಗೂ ಸ್ವಲ್ಪ ಹೆಮ್ಮೆಯೂ ಆಗಿತ್ತೆನ್ನಬೇಕು. ಹರಕೆಯನ್ನು ಇಷ್ಟು ಚೆನ್ನಾಗಿ ಪಾಲಿಸಿದ ಕೇರಿ ಬೇರೆಲ್ಲಿದೆ? ಹರಕೆ ಯಾವುದಕ್ಕಾಗಿತ್ತೋ ಅದೇ ಅದರಿಂದ ಕೆಡುತ್ತಿದೆ ಎಂಬುದು ಮೊದಲು ಅರ್ಥವಾದದ್ದು ಪಾದ್ರಿಗಳಿಗೆ. ಅವರು ಅದನ್ನು ಬಾಯಿಬಿಟ್ಟು ಹೇಳದೆ ಪುಣ್ಯ ಕಟ್ಟಿಕೊಂಡರು.

ಯೆಪ್ರೆಮ್ ಅಟ್ಟಣಿಗೆಯ ಏಣಿ ಹಿಡಿದು ನಿಂತಿದ್ದ. ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದ. ಹಲ್ಲುನೋವು ಎಂದ.

“ಬಾ, ನೋಡ್ತೀನಿ,” ಎಂದರು ಡಾಕ್ಟರು.

“ಹೋಗ್ತಾ ಬಂತು ಡಾಕ್ಟ್ರೇ.”

ಹೊಳೆಯಾಚೆಯವರಿಗೆ ನಮ್ಮ ಉಪವಾಸವಿಲ್ಲವಲ್ಲ, ಅಲ್ಲಿಂದ ಒಬ್ಬರನ್ನು ಕರೆಸಿದರಾಯಿತು ಎಂಬ ಉಪಾಯ ಹೇಳಿದ್ದು ಹ್ರಿಪ್ಸಿಕ್. ಕರೆಸುವುದೇ ಆದರೆ ದಿನವಿಡೀ ಕೊಬ್ಬಿನ ಹೊಗೆಯಲ್ಲಿ ನಿಲ್ಲುವವನನ್ನೇ ಕರೆಸೋಣ, ಬಜಾರಿನಲ್ಲಿ ಯಾರೋ ಹಾಜಿ ಇದ್ದಾನಂತೆ, ಒಳ್ಳೆಯ ಹೆಸರಂತೆ ಎಂದಳು. ಏಣಿ ಒಮ್ಮೆ ಅಲುಗಿತು. ಮರುದಿನ ಡಾಕ್ಟರು ತಾವೇ ಕಾರಿನಲ್ಲಿ ಹೋಗಿ ಹಾಜಿ ಸೈಫುಲ್ಲಾನನ್ನು ಕರೆತಂದರು.

ಹಾಜಿ ಅಂಗಡಿಯ ಏಪ್ರನ್ನಿನಲ್ಲೇ ಬಂದ. ದೇವರ ಮನೆ, ಯಾರದಾದರೇನು ಎಂದು ಬಾಗಿಲಲ್ಲೇ ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಅವನ ಕೆನ್ನೆ ನೋಡಿ ಗಲೂಸ್ತನ ಕಣ್ಣು ತುಂಬಿ ಬಂತು. ಹಾಜಿಯ ಕಣ್ಣು ಸುತ್ತ ತಿರುಗಿ ಮಫ್ಲರಿನ ಮೇಲೆ ನಿಂತಿತು. ಮಫ್ಲರಿನೊಳಗಿನ ಎರಡು ಕಣ್ಣು ಅವನನ್ನು ಬೇಡಿಕೊಂಡವು. ಹಾಜಿ ಗಿರಾಕಿಗಳ ಪಾಲಿಗೆ ನಿಷ್ಠಾವಂತ.

“ಈ ಮನಶ್ಯಾನ್ನ ನಾ ಜನ್ಮದಾಗ ನೋಡಿಲ್ಲ ಬಿಡ್ರಿ,” ಎಂದ.

ಯಾರೂ ಕೇಳಿರಲಿಲ್ಲ. ಹ್ರಿಪ್ಸಿಕ್ ಮಾತ್ರ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅಷ್ಟರಲ್ಲಿ ಹಾಜಿಯನ್ನು ಏಣಿಗೆ ಹತ್ತಿಸಿದ್ದರಿಂದ ವಿಷಯ ಅಲ್ಲಿಗೆ ನಿಂತಿತು. ಅವನು ಮೊದಲ ಅಂತಸ್ತಿನವರೆಗೆ ದೇವರ ಹೆಸರು ಹೇಳುತ್ತ ಹೋದ, ಅಲ್ಲಿಂದ ಕೆಳಗೆ ನೋಡಿದ, ಕೊಳವೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

“ಗುಮ್ಮಟಾನ ಸ್ವಲ್ಪ ಕೆಳಗ ತರಾಕ ಬರೂದಿಲ್ಲೇನ್ರಿ ಡಾಕ್ಟರ?”

ಅವನನ್ನು ಇಳಿಸಲು ಹತ್ತಿಸಿದ್ದಕ್ಕಿಂತ ಹೆಚ್ಚು ಜನ ಬೇಕಾದರು. ಚಹಾ ಕೊಟ್ಟು, ಕ್ಷಮೆ ಕೇಳಿ, ಕ್ಷಮೆ ಕೇಳಿಸಿಕೊಂಡು ಕಳಿಸಿದ್ದಾಯಿತು. ವಸಂತದಲ್ಲಿ ಬರುವ ಇಲ್ಲಿನ ಹೊಸ ವರ್ಷದ ಗಿರಾಕಿಗಳ ಕಾಲ, ಬಜಾರಿನಿಂದ ಇನ್ನೊಬ್ಬರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಮೇಲೆ ಗುಮ್ಮಟದ ನಡುವಿನ ಹೂವು, ಅದರ ಸುತ್ತಿನ ದೇವದೂತರ ರೆಕ್ಕೆಗಳು ಕೆಂಪು ಜೇಡಿಯಲ್ಲೇ ಉಳಿದಿದ್ದವು. ಡಾಕ್ಟರು ಕನ್ನಡಕ ಒರೆಸಿಕೊಂಡು, ತಾವು ಯಾರ ಮೇಲೂ ತಪ್ಪು ಹೊರಿಸುವುದಿಲ್ಲ, ಎಲ್ಲರೂ ಮನುಷ್ಯಪ್ರಯತ್ನ ಮಾಡಿದ್ದಾರೆ ಎಂದು, ಹಲ್ಲು ಕೀಳುವ ಮೊದಲು ಆಡುವಂಥ ಮೃದುವಾದ ಮಾತನ್ನಾಡಿ ಜೇಬಿನಿಂದ ಫೋನು ತೆಗೆದರು. ತೆಹರಾನಿನಲ್ಲಿ ಗಂಟೆಯಾಗುವುದು ನಮಗೆಲ್ಲ ಕೇಳಿಸುತ್ತಿತ್ತು.

ಯೆಪ್ರೆಮ್ ಒಮ್ಮೆ ಮೇಲೆ ನೋಡಿದ. ಒಮ್ಮೆ ಹೆಂಡತಿಯನ್ನು ನೋಡಿದ. ಯಾವುದು ಹೆಚ್ಚು ಎತ್ತರ ಎಂದು ಅಳೆಯುತ್ತಿದ್ದಾನೆ ಎನಿಸಿತು ನನಗೆ. ಆಮೇಲೆ ಮಫ್ಲರನ್ನು ಬಿಚ್ಚಿ ಮಡಿಸಿ ಪಾದ್ರಿಗಳ ಕೈಗೆ ಕೊಟ್ಟ.

“ಉಸ್ತಾ, ನಂದೂ ಒಂದ್ಸಲ ನೋಡು,” ಎಂದ.

ಅವನ ಮುಖ ದೀಪದ ಬೆಳಕಿನಲ್ಲಿ ಹೊಸದಾಗಿ ತೊಳೆದ ತಾಮ್ರದ ಹಂಡೆಯ ಹಾಗಿತ್ತು. ಇಬ್ಬರೂ ಹತ್ತಿ ಹೋದರು. ಬಹಳ ಹೊತ್ತು ಮೇಲಿನಿಂದ ಕೊಳವೆಗಳ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಡಾಕ್ಟರ ಫೋನಿನಲ್ಲಿ ಯಾರೋ ಅಲೋ, ಅಲೋ ಎನ್ನುತ್ತಿದ್ದರು. ಆಮೇಲೆ ಗಲೂಸ್ತನ ದನಿ ಬಂತು. ಅವನು ಹೇಳಿದ್ದು ತನಗೆ ತಾನೇ, ಆದರೆ ಆ ಗುಮ್ಮಟದೊಳಗೆ ಪಿಸುಮಾತು ಕೂಡ ಒಂದು ಸುತ್ತು ಹೊಡೆದು ಕೆಳಗಿಳಿಯುತ್ತದೆ.

“ಎದ್ಲು ನೋಡು ಹುಡುಗಿ. ಎಂಥಾ ಕೆನ್ನೆಯಪ್ಪಾ ಇದು.”

ಯಾರೂ ಗುಮ್ಮಟ ನೋಡಲಿಲ್ಲ. ಎಲ್ಲರೂ ಹ್ರಿಪ್ಸಿಕಳನ್ನು ನೋಡಿದರು. ಅವಳು ಏಣಿಯ ಬುಡಕ್ಕೆ ಹೋಗಿ, ತಲೆ ಎತ್ತಿ, ದನಿ ಎತ್ತದೆ ಕೇಳಿದಳು.

“ಯಾವಾಗಿಂದ, ಯೆಪ್ರೆಮ್?”

“ಮೊದಲ್ನೇ ವಾರದಿಂದ,” ಎಂದಿತು ಗುಮ್ಮಟ.

“ಮತ್ತೆ ದಿನಾ ರಾತ್ರಿ ಬೇಳೆ ತಿಂತಿದ್ಯಲ್ಲ?”

“ನೀನು ಬಡಿಸ್ತಿದ್ಯಲ್ಲ.”

ಅವಳು ಕೋಟು ಹಾಕಿಕೊಂಡು ಮನೆಗೆ ಹೋದಳು. ಡಾಕ್ಟರು ಫೋನಿಗೆ ರಾಂಗ್ ನಂಬರ್ ಎಂದು ಹೇಳಿ ಜೇಬಿಗಿಟ್ಟರು. ಅವರು ಅಧ್ಯಕ್ಷರಾಗಿದ್ದಷ್ಟು ಕಾಲ ಆಡಿದ ಒಂದೇ ಸುಳ್ಳು ಅದು ಎಂದು ನನ್ನ ಅಂದಾಜು.

ಕಷ್ಟ ಬಂದದ್ದು ಮರುದಿನ. ಕೆನ್ನೆ ಸಿಕ್ಕಿತು, ಸರಿ. ಅದನ್ನು ಹಾಗೇ ಉಳಿಸಿಕೊಳ್ಳುವುದು ಹೇಗೆ? ಯೆಪ್ರೆಮ್ ಪಶ್ಚಾತ್ತಾಪಪಟ್ಟು ಉಪವಾಸ ಶುರುಮಾಡಿಬಿಟ್ಟಿದ್ದ. ಎರಡೇ ಹೊತ್ತಿಗೆ ರೇಕು ಸೋಮಾರಿಯಾಯಿತು ಎಂದು ಗಲೂಸ್ತ್ ದೂರು ತಂದ. ಸಮಿತಿ ಸೇರಿತು. ಒಬ್ಬ ಪಾಪಿಗೆ ಪಾಪ ಮುಂದುವರಿಸು ಎಂದು ಇಗರ್ಜಿ ಹೇಳಬಹುದೇ ಎಂಬ ಪ್ರಶ್ನೆ ಪಾದ್ರಿಗಳ ಮುಂದೆ ಬಂತು. ಅವರು ಗಡ್ಡ ನೀವಿಕೊಂಡು, ಶಾಸ್ತ್ರದಲ್ಲಿ ಇದಕ್ಕೆ ಉದಾಹರಣೆ ಸಿಗುವುದು ಕಷ್ಟ, ಆದರೆ ಕುಂಚ, ದಿಂಬು, ಜೇಡಿ ಇವೆಲ್ಲ ಇಗರ್ಜಿಯ ಸಾಮಾನುಗಳು; ಕೆಲಸ ಮುಗಿಯುವವರೆಗೆ ಆ ಕೆನ್ನೆಯನ್ನೂ ಸಾಮಾನೆಂದೇ ತಿಳಿಯಬೇಕು, ಸಾಮಾನನ್ನು ಸುಸ್ಥಿತಿಯಲ್ಲಿಡುವುದು ಸಮಿತಿಯ ಹೊಣೆ ಎಂದರು. ಪಾಪದ ಲೆಕ್ಕ ಯೆಪ್ರೆಮನಿಗೂ ದೇವರಿಗೂ ಬಿಟ್ಟದ್ದು.

“ದೇವರಿಗೆ ಬಿಡೋದು ಬೇಡ,” ಎಂದಳು ಬಾಗಿಲಲ್ಲಿ ನಿಂತಿದ್ದ ಹ್ರಿಪ್ಸಿಕ್. “ನಾನ್ ನೋಡ್ಕೋತೀನಿ.”

ಅಂದಿನಿಂದ ದಿನಾ ಮಧ್ಯಾಹ್ನ ಗಂಡ ಹೆಂಡತಿ ಸೇತುವೆ ದಾಟಿದರು. ಯೆಪ್ರೆಮನ ಮುಂದೆ ಬೆರ್ಯಾನ್ ಬರುತ್ತಿತ್ತು. ಎದುರಿಗೆ ಹ್ರಿಪ್ಸಿಕ್ ಕೈಕಟ್ಟಿ ಕೂರುತ್ತಿದ್ದಳು, ಅವನು ಅದರಲ್ಲಿ ಸುಖಪಡದಂತೆ ನೋಡಿಕೊಳ್ಳಲು. ಪುದೀನ ಬೇಡ ಎಂದಳು, ಕೆನ್ನೆಗೆ ಪುದೀನದ ಅಗತ್ಯವಿಲ್ಲ. ಈರುಳ್ಳಿ ಬೇಡ. ನಗುಮುಖ ಬೇಡ. ಹಾಜಿ ತಪ್ಪೊಪ್ಪಿಗೆಯಂತೆ ತಂದಿಟ್ಟ ಚಹಾವನ್ನು ಅವಳು ಮುಟ್ಟಲಿಲ್ಲ. ಅವನನ್ನು ಕುರಿತು, ಈ ಮನುಷ್ಯನನ್ನು ಜನ್ಮದಲ್ಲಿ ನೋಡಿಲ್ಲ ಎಂದು ಗಂಡನಿಗೆ ಹೇಳಿದಳು. ಕದ್ದು ತಿಂದಾಗ ಸ್ವರ್ಗವಾಗಿದ್ದ ತುತ್ತು ಈಗ ಔಷಧಿಯಾಯಿತು. ಮೂರನೆಯ ದಿನಕ್ಕೆ ಯೆಪ್ರೆಮ್ ನನ್ನ ಹತ್ತಿರ ಬಂದು, ನೀನಾದರೂ ಹೋಗಿ ಪಾದ್ರಿಗಳಿಗೆ ಹೇಳು, ನನಗೆ ಕನಸಿನಲ್ಲಿ ಬೇಳೆ ಬರುತ್ತಿದೆ ಎಂದ.

ಆದರೆ ಅಟ್ಟದ ಮೇಲೆ ಅವನು ಬೇರೆಯೇ ಮನುಷ್ಯ. ಗಲೂಸ್ತನ ಪಕ್ಕ ಮಣೆ ಹಾಕಿಕೊಂಡು ಕೂತು, ಕುಂಚ ಬಂದಾಗ ಎಡಗೆನ್ನೆ, ಅದು ದಣಿದಾಗ ಬಲಗೆನ್ನೆ ಕೊಡುತ್ತಿದ್ದ. ಹುಟ್ಟಿದಾಗಿನಿಂದ ಕೆಳಗಿನಿಂದ ನೋಡಿದ್ದ ದೇವದೂತರು ಈಗ ಕೈಗೆಟುಕುವ ದೂರದಲ್ಲಿದ್ದರು. ಅವರಲ್ಲೊಬ್ಬನಿಗೆ ಹಳೆಯ ಚಿತ್ರಕಾರ ಒಂದು ಕಿವಿ ಬರೆಯುವುದನ್ನೇ ಮರೆತಿದ್ದ. ಇದನ್ನು ಯಾರಿಗೂ ಹೇಳಬೇಡ ಎಂದು ಗಲೂಸ್ತನಿಂದ ಮಾತು ತೆಗೆದುಕೊಂಡ. ಹೇಳಿದ್ದು ಕೂಡಲೇ ಕೆಳಗೆ ನಮಗೆಲ್ಲ ಕೇಳಿಸಿತು. ಸಂಜೆ ಇಳಿಯುವಾಗ ಗಲ್ಲದಲ್ಲಿ, ಹುಬ್ಬಿನಲ್ಲಿ ಚಿನ್ನದ ಚೂರುಗಳಿರುತ್ತಿದ್ದವು. ಮನೆಯಲ್ಲಿ ಹ್ರಿಪ್ಸಿಕ್ ಅವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳಂತೆ, ಸ್ವಲ್ಪ ಒರಟಾಗಿ.

ಹಬ್ಬದ ಹಿಂದಿನ ದಿನ ಅಟ್ಟಣಿಗೆ ಬಿಚ್ಚಿದರು. ಕೊಳವೆಗಳು ಹೊರಗೆ ಹೋದ ಮೇಲೆ ನಮಗೆ ಏನೋ ಕಳೆದುಕೊಂಡ ಹಾಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ದೀಪ ಹಚ್ಚಿದರು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳುವುದು ಮರೆತರು, ಅಷ್ಟು ಸಾಕು. ಯೆಪ್ರೆಮ್ ಗಂಟೆಗೆ ಜೋತುಬಿದ್ದು, ಅಕ್ಕಪಕ್ಕದ ಇಗರ್ಜಿಯವರು ಬೆಂಕಿ ಬಿತ್ತೇ ಎಂದು ಕೇಳಿಕೊಂಡು ಬರುವಷ್ಟು ಬಾರಿಸಿದ.

ಆ ಸಂಜೆಯ ಪೂಜೆ ಮುಗಿದು ಅಂಗಳದಲ್ಲಿ ಉಪವಾಸ ಬಿಡುವ ಹಬ್ಬದೂಟ. ಹುರಿದ ಮೀನು, ಸೊಪ್ಪು ಮೊಟ್ಟೆಯ ಕುಕು, ಬೆಣ್ಣೆ ಹೊಳೆಯುವ ಅನ್ನ, ಈರುಳ್ಳಿ ಸಿಪ್ಪೆಯಲ್ಲಿ ಕೆಂಪಗೆ ಬೆಂದ ಮೊಟ್ಟೆಗಳು. ಕೇರಿಗೆ ಕೇರಿಯೇ ಬರಗಾಲದಿಂದ ಬಂದವರ ಹಾಗೆ ಕೂತಿತು. ಯೆಪ್ರೆಮನ ಮುಂದೆ ಹ್ರಿಪ್ಸಿಕ್ ಒಂದು ಮುಚ್ಚಿದ ಡಬ್ಬಿ ತಂದಿಟ್ಟಳು. ಒಳಗೆ ಬೇಳೆ. ಗುಮ್ಮಟ ಮುಗಿಯಿತು, ದೇವರು ತನ್ನ ಕಡೆಯದನ್ನು ಕೊಟ್ಟಾಯಿತು. ಹರಕೆ ಹೊತ್ತು ತೀರಿಸದೆ ಉಳಿದವನು ಇಗರ್ಜಿಯಲ್ಲಿ ನೀನೊಬ್ಬನೇ, ಇವತ್ತಿನಿಂದ ಶುರು ಎಂದು ತಣ್ಣಗೆ ವಿವರಿಸಿದಳು. ಪಾದ್ರಿಗಳು ಮೀನಿನ ಮುಳ್ಳು ತೆಗೆಯುವುದರಲ್ಲಿ ಬಹಳ ಮಗ್ನರಾದರು.

ಯೆಪ್ರೆಮ್ ವಾದಿಸಲಿಲ್ಲ. ಆದರೆ ಅವಳೂ ಪಕ್ಕದಲ್ಲಿ ಕೂತು ಅದೇ ಡಬ್ಬಿಯಿಂದ ತನ್ನ ತಟ್ಟೆಗೆ ಬೇಳೆ ಹಾಕಿಕೊಂಡಾಗ ಅವನಿಗೆ ತಡೆಯಲಾಗಲಿಲ್ಲ.

“ನಿಂಗ್ಯಾಕೆ ಇದು? ನಿಂದು ಮುಗೀತಲ್ಲ. ಮೀನು ಹಾಕ್ಕೋ.”

“ಮನೇಲಿ ಇಬ್ರಿಗೆ ಎರಡೆರಡು ಅಡುಗೆ ಮಾಡಕ್ಕೆ ನಂಗೇನು ಹುಚ್ಚಾ,” ಎಂದಳು ಹ್ರಿಪ್ಸಿಕ್. “ತಿನ್ನು, ಆರ್ಹೋಗತ್ತೆ.”

ಅವನು ರೊಟ್ಟಿ ಮುರಿದು, ದೊಡ್ಡ ತುಂಡನ್ನು ಅವಳ ಕಡೆ ಸರಿಸಿ, ಬೇಳೆಗೆ ಕೈಹಾಕಿದ.